‘ಹೆಸರಿಗೆ ಮಾತ್ರ ಡೈರೆಕ್ಟರ್’ ಎಂಬ ಹುದ್ದೆ ಕಾನೂನಿನಲ್ಲಿಲ್ಲ

ಪ್ರೈವೇಟ್ ಲಿಮಿಟೆಡ್ ಕಂಪನಿಗಳ ನಿರ್ದೇಶಕರು, ಷೇರುದಾರರು ಬರೆದ ಪತ್ರಗಳಲ್ಲಿ ಏಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಊರು, ಉದ್ಯಮ ಬೇರೆ ಬೇರೆಯಾದರೂ ಹೆಚ್ಚಿನವರ ಆತಂಕ ಒಂದೇ: ಯಾರೋ ಮಾಡಿದ್ದಕ್ಕೆ ನಾನು ಉತ್ತರ ಕೊಡಬೇಕೇ?

ಪ್ರಶ್ನೆ: ಏಳು ವರ್ಷದ ಹಿಂದೆ ಭಾವನವರು ಕಂಪನಿ ತೆರೆಯುವಾಗ ‘ಇಬ್ಬರು ಡೈರೆಕ್ಟರ್ ಬೇಕಂತೆ, ಸುಮ್ಮನೆ ಹೆಸರಿಗೆ’ ಎಂದು ನನ್ನಿಂದ ಸಹಿ ಮಾಡಿಸಿಕೊಂಡರು. ನನ್ನ ಡಿಜಿಟಲ್ ಸಹಿಯ ಟೋಕನ್ ಆಡಿಟರ್ ಕಚೇರಿಯಲ್ಲೇ ಇದೆ. ಈಗ ಕಂಪನಿಯ ಚೆಕ್ ಬೌನ್ಸ್ ಆಗಿ ನನಗೂ ಲಾಯರ್ ನೋಟಿಸ್ ಬಂದಿದೆ. ಆ ಚೆಕ್ಕಿಗೆ ನಾನು ಸಹಿ ಹಾಕಿಲ್ಲ. ಹೊರಬರುವ ದಾರಿ ಯಾವುದು?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಮೊದಲು ನೋಟಿಸ್ ಕೈಗೆ ಬಂದ ತಾರೀಕನ್ನು ಬರೆದಿಟ್ಟುಕೊಳ್ಳಿ. ಅಂದಿನಿಂದ 15 ದಿನದೊಳಗೆ ಕಂಪನಿ ಹಣ ಕಟ್ಟಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಕಟ್ಟದಿದ್ದರೆ ಆಮೇಲೆ ಒಂದು ತಿಂಗಳೊಳಗೆ ಎದುರಿನವರು ಕೋರ್ಟಿಗೆ ಹೋಗಬಹುದು. ಆದ್ದರಿಂದ ಭಾವನವರು ನೋಡಿಕೊಳ್ಳುತ್ತಾರೆಂದು ಕೂರದೆ, ಆ 15 ದಿನದೊಳಗೆ ನಿಮ್ಮದೇ ವಕೀಲರ ಮೂಲಕ ಪ್ರತ್ಯೇಕ ಉತ್ತರ ಕಳಿಸಿ.

ಕಂಪನಿಯ ಚೆಕ್ ಬೌನ್ಸ್ ಆದಾಗ ನಿರ್ದೇಶಕರೆಂಬ ಒಂದೇ ಕಾರಣಕ್ಕೆ ಎಲ್ಲರೂ ಅಪರಾಧಿಗಳಾಗುವುದಿಲ್ಲ. ಸಹಿ ಹಾಕಿದವರು, ವ್ಯವಸ್ಥಾಪಕ ನಿರ್ದೇಶಕರು, ಆಗ ಕಂಪನಿಯ ದೈನಂದಿನ ವ್ಯವಹಾರ ನಡೆಸುತ್ತಿದ್ದವರು ಇದರ ವ್ಯಾಪ್ತಿಗೆ ಬರುತ್ತಾರೆ. ವ್ಯವಹಾರ ನಿಮ್ಮ ಕೈಯಲ್ಲಿರಲಿಲ್ಲ ಎನ್ನುವುದಕ್ಕೆ ಬ್ಯಾಂಕ್ ಖಾತೆಯಲ್ಲಿ ಸಹಿಯ ಅಧಿಕಾರ ಯಾರಿಗಿದೆ ಎಂಬ ಪತ್ರದ ಪ್ರತಿ ಮತ್ತು ಸಂಬಳ ಪಡೆದಿಲ್ಲವೆನ್ನುವ ನಿಮ್ಮ ಖಾತೆಯ ಸ್ಟೇಟ್‌ಮೆಂಟ್ ಬೇಕು.

ಆದರೆ ಇಲ್ಲಿ ಒಂದು ತೊಡಕಿದೆ. ಬೋರ್ಡ್ ಸಭೆಗೆ ಕನಿಷ್ಠ ಇಬ್ಬರು ನಿರ್ದೇಶಕರು ಇರಲೇಬೇಕು. ನಿಮ್ಮ ಕಂಪನಿಯಲ್ಲಿರುವುದೇ ಇಬ್ಬರು. ಅಂದರೆ ಏಳು ವರ್ಷದಲ್ಲಿ ನಡೆದಿವೆ ಎಂದು ತೋರಿಸಿರುವ ಅಷ್ಟೂ ಸಭೆಗಳಲ್ಲಿ ನೀವು ಹಾಜರಿದ್ದಿರೆಂದೇ ದಾಖಲೆ ಇರುತ್ತದೆ. ಬ್ಯಾಲೆನ್ಸ್ ಶೀಟಿಗೂ ಸಾಮಾನ್ಯವಾಗಿ ನಿಮ್ಮ ಸಹಿ ಬಿದ್ದಿರುತ್ತದೆ. ‘ನನಗೇನೂ ಗೊತ್ತಿರಲಿಲ್ಲ’ ಎಂಬ ಮಾತು ಸೋಲುವುದು ಇಲ್ಲಿಯೇ. ಹಾಗಾಗಿ ಹಾಜರಿ ಪುಸ್ತಕ, ನಡಾವಳಿ ಪುಸ್ತಕ, ಸಹಿಯಾದ ಬ್ಯಾಲೆನ್ಸ್ ಶೀಟುಗಳ ಪ್ರತಿಯನ್ನು ನಿರ್ದೇಶಕರಾಗಿರುವಾಗಲೇ ಲಿಖಿತವಾಗಿ ಕೇಳಿ ಪಡೆಯಿರಿ. ಹೊರಬಂದ ಮೇಲೆ ಕೇಳಿದರೆ ಸಿಗುವುದು ಕಷ್ಟ. ಯಾವ ಸಹಿ ನಿಮ್ಮದಲ್ಲವೋ ಅದನ್ನು ಗುರುತಿಸಿ ವಕೀಲರಿಗೆ ತಿಳಿಸಿ.

ಟೋಕನ್ ಇಂದೇ ವಾಪಸ್ ತನ್ನಿ, ಪಿನ್ ಬದಲಿಸಿ. ಕೊಡದಿದ್ದರೆ ಅದನ್ನು ನೀಡಿದ ಸಂಸ್ಥೆಗೆ ಬರೆದು ರದ್ದು ಮಾಡಿಸಿ, ಹೊಸದು ಪಡೆಯಿರಿ. ಡಿಜಿಟಲ್ ಸಹಿಯನ್ನು ಇನ್ನೊಬ್ಬರ ಮೇಜಿನ ಡ್ರಾಯರಿನಲ್ಲಿ ಬಿಡುವುದೂ ಸಹಿ ಹಾಕಿದ ಖಾಲಿ ಚೆಕ್ ಪುಸ್ತಕವನ್ನು ಬಿಟ್ಟುಬರುವುದೂ ಒಂದೇ.

ರಾಜೀನಾಮೆಗೆ ಯಾರ ಒಪ್ಪಿಗೆಯೂ ಬೇಡ. ಕಂಪನಿಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ, ಜೊತೆಗೆ ಕಂಪನಿಯ ಇಮೇಲ್‌ಗೆ ಪತ್ರ ಕಳಿಸಿ. ಪತ್ರ ಕಂಪನಿಗೆ ತಲುಪಿದ ದಿನ ಅಥವಾ ನೀವು ನಮೂದಿಸಿದ ದಿನ, ಇವೆರಡರಲ್ಲಿ ನಂತರದ್ದರಿಂದ ಅದು ಜಾರಿ. ಕಂಪನಿ 30 ದಿನದೊಳಗೆ, ನಿರ್ದೇಶಕರ ಬದಲಾವಣೆ ತಿಳಿಸುವ ಡಿಐಆರ್-12 ನಮೂನೆ ಸಲ್ಲಿಸಬೇಕು. ಅವರು ಸಲ್ಲಿಸದೆ ಕೂತರೂ ನೀವು ಡಿಐಆರ್-11 ನಮೂನೆಯಲ್ಲಿ ಪತ್ರ, ಅಂಚೆ ರಸೀದಿ, ಕಾರಣ ಸೇರಿಸಿ ಕಂಪನಿಗಳ ರಿಜಿಸ್ಟ್ರಾರರಿಗೆ ನೇರ ಸಲ್ಲಿಸಬಹುದು. ಪ್ರೈವೇಟ್ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕಿರುವುದರಿಂದ, ಬದಲಿ ನಿರ್ದೇಶಕರನ್ನು ತಕ್ಷಣ ನೇಮಿಸಿಕೊಳ್ಳುವಂತೆಯೂ ಪತ್ರದಲ್ಲೇ ಬರೆಯಿರಿ. ರಾಜೀನಾಮೆಯು ಮುಂದಿನದಕ್ಕೆ ಮಾತ್ರ ರಕ್ಷಣೆ. ನಿಮ್ಮ ಅವಧಿಯಲ್ಲಿ ನಡೆದದ್ದರ ಹೊಣೆ ಉಳಿಯುತ್ತದೆ.

ಇನ್ನೊಂದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಕಂಪನಿಯ ಸಾಲಕ್ಕೆ ಬ್ಯಾಂಕಿನಲ್ಲಿ ವೈಯಕ್ತಿಕ ಜಾಮೀನು ಕೊಟ್ಟಿದ್ದೀರಾ ನೋಡಿ. ರಾಜೀನಾಮೆಯಿಂದ ಜಾಮೀನು ಬಿಡುಗಡೆಯಾಗುವುದಿಲ್ಲ. ಬ್ಯಾಂಕ್ ಲಿಖಿತವಾಗಿ ಬಿಟ್ಟುಕೊಡುವವರೆಗೆ ನಿಮ್ಮ ಆಸ್ತಿ ಅದಕ್ಕೆ ಹೊಣೆಯಾಗಿರುತ್ತದೆ. ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮೇಲೂ ದಿವಾಳಿ ಪ್ರಕ್ರಿಯೆ ಹೂಡುವ ಅವಕಾಶ 2019ರ ಡಿಸೆಂಬರ್ 1ರಿಂದ ಜಾರಿಯಲ್ಲಿದ್ದು, ಸುಪ್ರೀಂ ಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ.

ಪ್ರಶ್ನೆ: ನಾವಿಬ್ಬರು ಸ್ನೇಹಿತರು ಸೇರಿ ಮೆಷಿನ್ ಶಾಪ್ ನಡೆಸುತ್ತಿದ್ದೇವೆ. ಪಾಲು ಅರ್ಧರ್ಧ. ಅವನು ಸೈಟ್ ಕೊಳ್ಳಲು ಕಂಪನಿ ಖಾತೆಯಿಂದ 18 ಲಕ್ಷ ತೆಗೆದುಕೊಂಡು ‘ಅಡ್ವಾನ್ಸ್’ ಎಂದು ಬರೆಸಿದ್ದಾನೆ. ನಮ್ಮದೇ ಕಂಪನಿ, ನಮ್ಮದೇ ದುಡ್ಡು, ಇದರಲ್ಲಿ ತಪ್ಪೇನು ಎನ್ನುತ್ತಾನೆ.
– ಪೀಣ್ಯ, ಬೆಂಗಳೂರು

ಉತ್ತರ: ಕಂಪನಿ ನಿಮ್ಮದು, ದುಡ್ಡು ಕಂಪನಿಯದು. ಪಾಲುದಾರಿಕೆ ಸಂಸ್ಥೆಯಿಂದ ಪ್ರೈವೇಟ್ ಲಿಮಿಟೆಡ್‌ಗೆ ಬಂದವರು ಎಡವುವುದು ಬಹುತೇಕ ಇಲ್ಲಿಯೇ.

ಕಂಪನಿ ಕಾಯ್ದೆಯ 185ನೇ ಕಲಮು ನಿರ್ದೇಶಕರಿಗೆ, ಅವರ ಸಂಬಂಧಿಕರಿಗೆ ಸಾಲ ಕೊಡುವುದನ್ನು ನಿಷೇಧಿಸುತ್ತದೆ. ಖಾತೆಯಲ್ಲಿ ಅಡ್ವಾನ್ಸ್ ಎಂದೋ ‘ಬರಬೇಕಾದ ಬಾಕಿ’ ಎಂದೋ ಬರೆದ ಮಾತ್ರಕ್ಕೆ ಅದು ಸಾಲವಲ್ಲ ಎಂದಾಗುವುದಿಲ್ಲ. ಪ್ರೈವೇಟ್ ಕಂಪನಿಗಳಿಗೆ ವಿನಾಯಿತಿ ಇದೆ, ಆದರೆ ಮೂರು ಷರತ್ತುಗಳನ್ನೂ ಒಟ್ಟಿಗೆ ಪೂರೈಸಬೇಕು: ಬೇರೆ ಯಾವ ಕಂಪನಿಯೂ ನಿಮ್ಮಲ್ಲಿ ಷೇರು ಹೂಡಿರಬಾರದು. ಬ್ಯಾಂಕ್, ಹಣಕಾಸು ಸಂಸ್ಥೆ, ಇತರ ಕಂಪನಿಗಳಿಂದ ತಂದ ಸಾಲ ಪಾವತಿಯಾದ ಬಂಡವಾಳದ ಎರಡು ಪಟ್ಟು ಅಥವಾ 50 ಕೋಟಿ ರೂಪಾಯಿ, ಇವೆರಡರಲ್ಲಿ ಕಡಿಮೆ ಇರುವುದಕ್ಕಿಂತ ಒಳಗಿರಬೇಕು. ಹಣ ಕೊಡುವ ಹೊತ್ತಿಗೆ ಆ ಸಾಲಗಳಲ್ಲಿ ಬಾಕಿ ಉಳಿಸಿಕೊಂಡಿರಬಾರದು. ನಿಮ್ಮ ಬಂಡವಾಳ 20 ಲಕ್ಷವಿದೆ ಎಂದುಕೊಳ್ಳಿ. ಬ್ಯಾಂಕ್ ಸಾಲ 40 ಲಕ್ಷದ ಒಳಗಿದ್ದರೆ ಮಾತ್ರ ವಿನಾಯಿತಿ. ಒಂದು ಸಿಎನ್‌ಸಿ ಮೆಷಿನ್ ಸಾಲ, ಜೊತೆಗೆ ಓಡಿ (ಓವರ್‌ಡ್ರಾಫ್ಟ್) ಸೇರಿದರೆ ಆ ಗೆರೆ ಸಲೀಸಾಗಿ ದಾಟುತ್ತದೆ. ಉಲ್ಲಂಘನೆಗೆ ಕಂಪನಿಗೆ 5 ಲಕ್ಷದಿಂದ 25 ಲಕ್ಷ ರೂಪಾಯಿವರೆಗೆ ದಂಡ. ಸಾಲ ಪಡೆದ ನಿರ್ದೇಶಕರಿಗೆ ಅಷ್ಟೇ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ.

ವಿನಾಯಿತಿ ಸಿಕ್ಕರೂ ಆದಾಯ ತೆರಿಗೆ ಬಿಡುವುದಿಲ್ಲ. ಶೇ. 10 ಅಥವಾ ಹೆಚ್ಚು ಮತಾಧಿಕಾರವಿರುವ ಷೇರುದಾರರಿಗೆ ಇಂಥ ಕಂಪನಿ ಕೊಟ್ಟ ಸಾಲವನ್ನು, ಕೂಡಿಟ್ಟ ಲಾಭದ ಮಟ್ಟಿಗೆ, ಲಾಭಾಂಶವೆಂದೇ ಪರಿಗಣಿಸಿ ಅವರ ಕೈಯಲ್ಲಿ ತೆರಿಗೆ ಹಾಕುತ್ತಾರೆ. ಆಮೇಲೆ ಹಣ ವಾಪಸ್ ಕಟ್ಟಿದರೂ ತೆರಿಗೆ ತಪ್ಪದು. ನಿಮ್ಮ ಸ್ನೇಹಿತರಿಗೆ ಇದನ್ನೇ ಮೊದಲು ತೋರಿಸಿ, ಬೇಗ ಮನದಟ್ಟಾಗುತ್ತದೆ.

ನೀವು ಮಾಡಬೇಕಾದದ್ದು: ಆ ಖಾತೆಯ ಲೆಡ್ಜರ್ ಪ್ರತಿ ತೆಗೆದಿಡಿ. ಏಳು ದಿನದ ನೋಟಿಸ್ ಕೊಟ್ಟು ಬೋರ್ಡ್ ಸಭೆ ಕರೆಯಿರಿ, ವಿಷಯಸೂಚಿಯಲ್ಲಿ ಮೊತ್ತ, ತಾರೀಕು ಸ್ಪಷ್ಟವಾಗಿರಲಿ. ಮರುಪಾವತಿಯ ಕಂತುಗಳನ್ನು ಠರಾವಿನಲ್ಲಿ ಬರೆಸಿ. ಬಡ್ಡಿಯಿಲ್ಲದ ಸಾಲ ಸಲ್ಲದು. ಆ ಅವಧಿಗೆ ಹತ್ತಿರದ ಸರ್ಕಾರಿ ಸಾಲಪತ್ರದ ಇಳುವರಿಗಿಂತ ಬಡ್ಡಿ ಕಡಿಮೆ ಇರಕೂಡದು. ಅವರು ಒಪ್ಪದಿದ್ದರೆ ನಿಮ್ಮ ವಿರೋಧ ನಡಾವಳಿಯಲ್ಲಿ ದಾಖಲಾಗಲಿ. ಅದಕ್ಕೂ ಅಡ್ಡಿ ಮಾಡಿದರೆ ಅದೇ ದಿನ ಅವರಿಗೂ ಆಡಿಟರಿಗೂ ಇಮೇಲ್ ಬರೆಯಿರಿ. ಗೆಳೆತನಕ್ಕೆ ಕುತ್ತು ಬಂದೀತೆಂದು ಸುಮ್ಮನಿದ್ದರೆ ಆ ಮೌನವನ್ನೇ ಒಪ್ಪಿಗೆ ಎಂದು ಓದುತ್ತಾರೆ. ಮುಂದೆ ಹಣ ಬೇಕಾದಾಗ ಸಂಬಳ ಹೆಚ್ಚಿಸಿಕೊಳ್ಳಿ, ಲಾಭಾಂಶ ಘೋಷಿಸಿ. ತೆರಿಗೆ ಕಟ್ಟಿ ತೆಗೆದ ದುಡ್ಡಿನ ಬಗ್ಗೆ ಯಾರೂ ಪ್ರಶ್ನೆ ಎತ್ತಲಾರರು.

ಪ್ರಶ್ನೆ: ಹದಿನೈದು ವರ್ಷದಿಂದ ಒಬ್ಬರೇ ಅಕೌಂಟೆಂಟ್ ಎಲ್ಲ ನೋಡಿಕೊಳ್ಳುತ್ತಿದ್ದಾರೆ. ನಂಬಿಕಸ್ಥರು. ಆದರೆ ವ್ಯಾಪಾರ ಹೆಚ್ಚಿದರೂ ಕೈಯಲ್ಲಿ ಹಣ ನಿಲ್ಲುತ್ತಿಲ್ಲ. ಅವರನ್ನು ನೋಯಿಸದೆ ಪರೀಕ್ಷಿಸುವುದು ಹೇಗೆ?
– ಫೌಂಡ್ರಿ ಕಂಪನಿಯ ನಿರ್ದೇಶಕರು, ಬೆಳಗಾವಿ

ಉತ್ತರ: ಹಣ ನಿಲ್ಲದಿರುವುದಕ್ಕೆ ಕಳವೇ ಕಾರಣವೆಂದು ಮೊದಲೇ ತೀರ್ಮಾನಿಸಬೇಡಿ. ಗಿರಾಕಿಗಳ ಬಾಕಿ 60 ದಿನದಿಂದ 100 ದಿನಕ್ಕೆ ಜಾರಿದ್ದರೂ ಇದೇ ಲಕ್ಷಣ ಕಾಣುತ್ತದೆ. ಯಾವ ಬಾಕಿ ಎಷ್ಟು ದಿನದ್ದು ಎಂಬ ಪಟ್ಟಿ ತೆಗೆಸಿ ನೋಡಿ, ಆಮೇಲೆ ಮುಂದಿನದು.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ಯಾಂಕ್ ಸ್ಟೇಟ್‌ಮೆಂಟ್. ಅಕೌಂಟೆಂಟ್ ಕೊಡುವ ಎಕ್ಸೆಲ್ ಹಾಳೆ ಬೇಡ, ಅವರು ಮುದ್ರಿಸಿ ತಂದ ಪ್ರತಿಯೂ ಬೇಡ. ನಿಮ್ಮ ಸ್ವಂತ ಲಾಗಿನ್‌ನಿಂದ ನೀವೇ ಇಳಿಸಿಕೊಳ್ಳಿ. ಹೈದರಾಬಾದಿನ ಐಟಿ ಕಂಪನಿ ಸತ್ಯಂ ಕಂಪ್ಯೂಟರ್ಸ್ ಪ್ರಕರಣ ನೆನಪಿರಬಹುದು. ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ ಎಂದು ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರ ಪತ್ರದಲ್ಲಿ ಒಪ್ಪಿಕೊಂಡರು. ಠೇವಣಿ ರಸೀದಿಗಳು ಖೋಟಾ ಆಗಿದ್ದವು. ಅಷ್ಟು ದೊಡ್ಡ ಕಂಪನಿಯಲ್ಲೂ ಬ್ಯಾಂಕಿನಿಂದ ನೇರವಾಗಿ ಬಂದ ದೃಢೀಕರಣಕ್ಕೂ ಕಂಪನಿಯ ಕೈಯಿಂದ ಬಂದ ಕಾಗದಕ್ಕೂ ವ್ಯತ್ಯಾಸ ನೋಡಬೇಕಿತ್ತು. ನಿಮ್ಮ ಫೌಂಡ್ರಿಗೂ ಅದೇ ಪಾಠ: ಎಫ್‌ಡಿ ರಸೀದಿ ಕಪಾಟಿನಲ್ಲಿದ್ದರೆ ಸಾಲದು, ಶಿಲ್ಕಿನ ದೃಢೀಕರಣ ಬ್ಯಾಂಕಿನಿಂದ ಆಡಿಟರಿಗೆ ನೇರ ಹೋಗಬೇಕು.

ಪ್ರತಿ ತಿಂಗಳು 5ರೊಳಗೆ, ನಿಮ್ಮ ಪುಸ್ತಕವನ್ನು ಬ್ಯಾಂಕಿನ ಲೆಕ್ಕದೊಂದಿಗೆ ಹೋಲಿಸುವ ತಾಳೆಪಟ್ಟಿಯನ್ನು ಪುಸ್ತಕ ಬರೆಯದ ಇನ್ನೊಬ್ಬರಿಂದ ಮಾಡಿಸಿ. ಅದರಲ್ಲಿ ‘ಕೊಟ್ಟಿದೆ, ನಗದಾಗಿಲ್ಲ’ ಎಂದು ಮೂರು ತಿಂಗಳಿಗಿಂತ ಹಳೆಯ ಚೆಕ್ ಉಳಿದಿದ್ದರೆ ವಿಚಾರಿಸಿ. ಚೆಕ್ಕಿನ ಆಯುಸ್ಸೇ ಮೂರು ತಿಂಗಳು, ಆಮೇಲೂ ಅದು ಪಟ್ಟಿಯಲ್ಲಿದ್ದರೆ ಏನನ್ನೋ ಮುಚ್ಚಲು ಇಟ್ಟ ಬೆಣೆಯಾಗಿರಬಹುದು.

ಸರಬರಾಜುದಾರರ ಪಟ್ಟಿಯನ್ನೂ ನೌಕರರ ಪಟ್ಟಿಯನ್ನೂ ಬ್ಯಾಂಕ್ ಖಾತೆ ಸಂಖ್ಯೆಯ ಮೇಲೆ ಹೋಲಿಸಿ. ಒಂದೇ ಸಂಖ್ಯೆ ಎರಡೂ ಕಡೆ ಸಿಕ್ಕಿದರೆ ಬೇರೆ ಪುರಾವೆ ಹುಡುಕುವ ಅಗತ್ಯ ಕಡಿಮೆ. ಒಬ್ಬ ಸರಬರಾಜುದಾರನ ಬಿಲ್ ಸಂಖ್ಯೆಗಳು 41, 42, 43 ಎಂದು ತಿಂಗಳುಗಟ್ಟಲೆ ಸಾಲಾಗಿ ಬಂದಿದ್ದರೆ ಅವನಿಗೆ ನಿಮ್ಮನ್ನು ಬಿಟ್ಟು ಬೇರೆ ಗಿರಾಕಿಯೇ ಇಲ್ಲ ಎಂದರ್ಥ. ಅಂಥವರ ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲ್ಲಿನಲ್ಲಿ ನೋಡಿ, ಖರೀದಿಯನ್ನು ಜಿಎಸ್‌ಟಿಆರ್-2ಬಿ (ಸರಬರಾಜುದಾರರು ಸಲ್ಲಿಸಿದ ಬಿಲ್ಲುಗಳ ಪಟ್ಟಿ) ಜೊತೆ ತಾಳೆ ಹಾಕಿ, ಗೇಟಿನ ಒಳಬಂದ ಪುಸ್ತಕದಲ್ಲಿ ಆ ಲೋಡ್ ಇದೆಯೇ ನೋಡಿ. ಫೌಂಡ್ರಿಯಲ್ಲಿ ಹಂದಿಕಬ್ಬಿಣ, ಗುಜರಿ, ಕೋಕ್ ಎಲ್ಲವೂ ತೂಕದ ಮೇಲೆ ಬರುವುದರಿಂದ ತೂಕದ ಚೀಟಿ ಇಲ್ಲದ ಬಿಲ್ಲಿಗೆ ಹಣ ಬಿಡಬೇಡಿ. ಇನ್ನು ಸಂಬಳ: ಪಿಎಫ್‌ಗೆ ಕಟ್ಟಿದ ತಲೆ ಎಣಿಕೆ, ಸಂಬಳ ಪಟ್ಟಿ, ಹಾಜರಿ ಯಂತ್ರ, ಈ ಮೂರರ ಲೆಕ್ಕ ಒಂದೇ ಇರಬೇಕು.

2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕು, ಅದನ್ನು ನಿಲ್ಲಿಸಿಡುವಂತಿಲ್ಲ. ಟ್ಯಾಲಿ ಬಳಸುತ್ತಿದ್ದರೆ ಎಡಿಟ್ ಲಾಗ್ ಇರುವ ಆವೃತ್ತಿ ಬೇಕು. ಹಳೆಯ ತಾರೀಕಿನ ವೋಚರುಗಳಲ್ಲಿ ಮೊತ್ತ ಅಥವಾ ಹೆಸರು ಬದಲಾದವುಗಳನ್ನು ತಿಂಗಳಿಗೊಮ್ಮೆ ತೆಗೆಸಿ ನೋಡಿ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇಲ್ಲದಿದ್ದರೆ ಯಾರು ತಿದ್ದಿದರೆಂದು ಜಾಡು ಹೇಳದು.

ನೆಟ್ ಬ್ಯಾಂಕಿಂಗ್‌ನಲ್ಲಿ ಪಾವತಿ ದಾಖಲಿಸುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು. ಈ ವ್ಯವಸ್ಥೆ ನಿಮ್ಮಲ್ಲೂ ಇರಬಹುದು, ಆದರೆ ಒಟಿಪಿ ಬರುವ ಫೋನು ಅಕೌಂಟೆಂಟ್ ಮೇಜಿನ ಮೇಲಿದ್ದರೆ ಇಬ್ಬರಾಗುವುದಿಲ್ಲ, ಒಬ್ಬರೇ. ಸರಬರಾಜುದಾರರ ಖಾತೆ ಬದಲಾಗಿದೆ ಎಂಬ ಇಮೇಲ್ ಬಂದರೆ ಅದರಲ್ಲಿರುವ ಸಂಖ್ಯೆಗೆ ಕರೆ ಮಾಡದೆ, ನಿಮ್ಮಲ್ಲಿರುವ ಹಳೆಯ ಸಂಖ್ಯೆಗೇ ಮಾಡಿ. ಹಣ ಹೋಗಿಯೇಬಿಟ್ಟಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಕ್ಷಣ ತಿಳಿಸಿ. ಎದುರು ಖಾತೆಯಿಂದ ಹಣ ಮುಂದೆ ಜಾರುವ ಮೊದಲೇ ತಡೆಯಬೇಕು.

ನೋಯಿಸದಿರುವ ಬಗ್ಗೆ ಕೇಳಿದ್ದೀರಿ. ಹಣ ಮುಟ್ಟುವ ಎಲ್ಲರಿಗೂ ವರ್ಷಕ್ಕೊಮ್ಮೆ ಹತ್ತು ದಿನ ಕಡ್ಡಾಯ ರಜೆ ಎಂಬ ನಿಯಮ ಮಾಡಿ, ಆಗ ಇನ್ನೊಬ್ಬರು ಆ ಕೆಲಸ ಮಾಡಲಿ. ನಿಯಮ ಎಲ್ಲರಿಗೂ ಒಂದೇ ಆದಾಗ ಅನುಮಾನದ ಮಾತೇ ಬರುವುದಿಲ್ಲ. ಪ್ರಾಮಾಣಿಕರಿಗೂ ಇದೇ ರಕ್ಷಣೆ: ನಾಳೆ ಹಣ ಕಾಣೆಯಾದರೆ ಬೆರಳು ಮೊದಲು ತೋರುವುದು ಅವರ ಕಡೆಗೇ.

ಪ್ರಶ್ನೆ: ವ್ಯಾಪಾರ ನಿಂತಿದೆ. ಎರಡು ವರ್ಷದಿಂದ ರಿಜಿಸ್ಟ್ರಾರರಿಗೆ ಏನೂ ಸಲ್ಲಿಸಿಲ್ಲ. ಆದಾಯವೇ ಇಲ್ಲದ ಮೇಲೆ ಬಿಟ್ಟರಾಗದೇ?
– ತುಮಕೂರು

ಉತ್ತರ: ಆಗದು, ಮೂರನೇ ವರ್ಷಕ್ಕಂತೂ ಬಿಡಲೇಬೇಡಿ. ಲೆಕ್ಕಪತ್ರದ ಎಒಸಿ-4 ನಮೂನೆ ವಾರ್ಷಿಕ ಮಹಾಸಭೆಯ 30 ದಿನದೊಳಗೆ, ವಾರ್ಷಿಕ ವಿವರ 60 ದಿನದೊಳಗೆ ಹೋಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ, ಪ್ರತಿ ನಮೂನೆಗೂ ಬೇರೆ ಬೇರೆ, ಮೇಲ್ಮಿತಿ ಇಲ್ಲ. ಒಂದು ವರ್ಷ ತಡವೆಂದರೆ ಎರಡು ನಮೂನೆಗೆ 73,000 ರೂಪಾಯಿ. ಸಭೆಯನ್ನೇ ಮಾಡಿಲ್ಲ ಎಂಬುದು ನೆಪವಾಗದು. ಸಭೆ ನಡೆಯಬೇಕಿದ್ದ ಕೊನೆಯ ದಿನದಿಂದಲೇ ಎಣಿಕೆ.

ಸತತ ಮೂರು ಹಣಕಾಸು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು. ಬೇರೆ ಕಂಪನಿಗಳಲ್ಲಿದ್ದರೆ ಆ ಸ್ಥಾನಗಳೂ ಹೋಗುತ್ತವೆ. 2017ರಲ್ಲಿ ಕೇಂದ್ರ ಸರ್ಕಾರ ಹೀಗೆ ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹಗೊಳಿಸಿತು. ಹೀಗೆ ಅನರ್ಹಗೊಳಿಸುವ ಕಲಮು ಸಿಂಧುವೆಂದೇ ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿತು. ವ್ಯಾಪಾರ ಮತ್ತೆ ಶುರುವಾಗುವುದಿಲ್ಲ ಎಂದಾದರೆ, ಬಾಕಿ ವಿವರಗಳನ್ನು ಸಲ್ಲಿಸಿ, ಸಾಲಗಳನ್ನು ತೀರಿಸಿ, ಎಸ್‌ಟಿಕೆ-2 ನಮೂನೆಯಲ್ಲಿ 10,000 ರೂಪಾಯಿ ಶುಲ್ಕ ಕಟ್ಟಿ ಕಂಪನಿಯ ಹೆಸರು ತೆಗೆಸುವುದೇ ಸರಿ.

ಪ್ರಶ್ನೆ: ನಮ್ಮಲ್ಲಿ ವರ್ಷದ ಎಲ್ಲ ಬೋರ್ಡ್ ಸಭೆಗಳ ನಡಾವಳಿಯನ್ನು ಆಡಿಟ್ ಬಂದಾಗ ಒಟ್ಟಿಗೆ ಬರೆಯುತ್ತಾರೆ. ಎಲ್ಲರೂ ಹೀಗೇ ಮಾಡುತ್ತಾರಂತೆ.
– ಮಂಗಳೂರು

ಉತ್ತರ: ಎಲ್ಲರೂ ಮಾಡುತ್ತಾರೆ ಎಂಬುದು ವಿಚಾರಣೆಯಲ್ಲಿ ಉತ್ತರವಾಗುವುದಿಲ್ಲ. ಸಭೆ ಮುಗಿದ 15 ದಿನದೊಳಗೆ ಕರಡು ಎಲ್ಲ ನಿರ್ದೇಶಕರಿಗೆ ಹೋಗಬೇಕು, ಅವರ ಆಕ್ಷೇಪಕ್ಕೆ ಏಳು ದಿನ, 30 ದಿನದೊಳಗೆ ಪುಟಸಂಖ್ಯೆ ಇರುವ ಪುಸ್ತಕಕ್ಕೆ ದಾಖಲು. ನಡಾವಳಿ ತಿದ್ದಿದ್ದು ಸಾಬೀತಾದರೆ ಎರಡು ವರ್ಷದವರೆಗೆ ಸೆರೆಯಿದೆ. ಹಿಂದಿನ ತಾರೀಕು ಹಾಕಿದ್ದು ಸಿಕ್ಕಿಬೀಳುವುದು ಸಣ್ಣ ಸಂಗತಿಗಳಿಂದ: ಆ ದಿನ ನಿರ್ದೇಶಕರು ವಿದೇಶದಲ್ಲಿದ್ದರೆಂದು ಪಾಸ್‌ಪೋರ್ಟ್ ಹೇಳುತ್ತದೆ, ಕಡತ ಸೃಷ್ಟಿಯಾದ ದಿನವನ್ನು ಕಂಪ್ಯೂಟರ್ ಹೇಳುತ್ತದೆ.

ನಡಾವಳಿಯಲ್ಲಿ ತೀರ್ಮಾನ ಮಾತ್ರವಲ್ಲ, ಯಾರು ಏನು ಕೇಳಿದರು, ಯಾವ ಕಾಗದ ನೋಡಿದರು ಎಂಬುದೂ ಇರಲಿ. 2008ರ ಡಿಸೆಂಬರ್ 16ರಂದು ಸತ್ಯಂ ಮಂಡಳಿ, ಹೆಸರಾಂತ ಸ್ವತಂತ್ರ ನಿರ್ದೇಶಕರಿದ್ದೂ, ರಾಜು ಕುಟುಂಬಕ್ಕೆ ಸೇರಿದ ಎರಡು ಮೈಟಾಸ್ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಹೂಡಿಕೆದಾರರು ತಿರುಗಿಬಿದ್ದು ಗಂಟೆಗಳಲ್ಲೇ ಕೈಬಿಡಬೇಕಾಯಿತು. ಸಂಸ್ಥಾಪಕರ ಮನೆಯವರಿಗೆ ಹಣ ಹೋಗುವ ವಿಷಯ ಬಂದಾಗ ‘ಬೆಲೆ ಕಟ್ಟಿದವರು ಯಾರು, ಬೇರೆ ಯಾರಾದರೂ ಈ ಬೆಲೆ ಕೊಡುತ್ತಾರೆಯೇ’ ಎಂಬ ಎರಡು ಪ್ರಶ್ನೆಗೆ ಲಿಖಿತ ಉತ್ತರ ಬರುವವರೆಗೆ ಕೈ ಎತ್ತಬೇಡಿ.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಕುಟುಂಬದ ಕಂಪನಿಯನ್ನು ಅಣ್ಣ ನಡೆಸುತ್ತಿದ್ದಾನೆ. ನನ್ನ ಪಾಲು ಶೇ. 12. ಲೆಕ್ಕ ಕೇಳಿದರೆ ‘ಮನೆ ಮಗಳು ಲೆಕ್ಕ ಕೇಳುವುದೇ’ ಎನ್ನುತ್ತಾನೆ. ನಾವು ಒಟ್ಟು ನಾಲ್ಕು ಜನ ಷೇರುದಾರರು.
– ಶಿವಮೊಗ್ಗ

ಉತ್ತರ: ನೀವು ಕೇಳುತ್ತಿರುವುದು ದಾಕ್ಷಿಣ್ಯವಲ್ಲ, ಹಕ್ಕು. ಆದರೆ ಮೊದಲು ಸದಸ್ಯರ ಪುಸ್ತಕದಲ್ಲಿ ನಿಮ್ಮ ಹೆಸರು ಏರಿದೆಯೇ ಖಚಿತಪಡಿಸಿಕೊಳ್ಳಿ. ಅಪ್ಪನ ಷೇರು ನಿಮಗೆ ಬಂದಿದೆ ಎಂಬುದು ಮನೆಯವರ ತಿಳಿವಳಿಕೆಯಲ್ಲಿ ಮಾತ್ರ ಇದ್ದರೆ ಉಳಿದ ಯಾವ ಹಕ್ಕೂ ಸುಲಭವಾಗಿ ನಡೆಯದು. ವಾರಸುದಾರಿಕೆಯ ದಾಖಲೆಯೊಂದಿಗೆ ಕಂಪನಿಗೆ ಅರ್ಜಿ ಕೊಡಿ. ನಿರಾಕರಿಸಿದರೆ ಆ ಪತ್ರ ಬಂದ 30 ದಿನದಲ್ಲಿ, ಉತ್ತರವೇ ಬರದಿದ್ದರೆ ಅರ್ಜಿ ಕೊಟ್ಟ 60 ದಿನದಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬೇಕು.

ಹೆಸರಿದ್ದರೆ, ಮಹಾಸಭೆಗೆ 21 ದಿನ ಮೊದಲು ಲೆಕ್ಕಪತ್ರದ ಪ್ರತಿ ನಿಮಗೆ ಬರಬೇಕು. ಮಹಾಸಭೆಯ ನಡಾವಳಿಯನ್ನು ಶುಲ್ಕವಿಲ್ಲದೆ ನೋಡಬಹುದು, ಪ್ರತಿ ಕೇಳಿದರೆ ಏಳು ಕೆಲಸದ ದಿನದಲ್ಲಿ ಕೊಡಬೇಕು. ಬೋರ್ಡ್ ಸಭೆಯ ನಡಾವಳಿ ಮಾತ್ರ ಷೇರುದಾರರಿಗೆ ತೆರೆದಿಲ್ಲ. ಅಣ್ಣ ಏನನ್ನೂ ಕೊಡದಿದ್ದರೂ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್ಲಿನಲ್ಲಿ 100 ರೂಪಾಯಿ ಕಟ್ಟಿ ಕಂಪನಿ ಸಲ್ಲಿಸಿದ ಸಾರ್ವಜನಿಕ ದಾಖಲೆಗಳನ್ನು ನೋಡಬಹುದು. ಅಲ್ಲಿ ಪಿಎಎಸ್-3 ಎಂಬ ನಮೂನೆಯನ್ನು ಹುಡುಕಿ. ಅದು ಹೊಸ ಷೇರು ಹಂಚಿಕೆಯ ವರದಿ. ನಿಮ್ಮ ಶೇ. 12 ಸದ್ದಿಲ್ಲದೆ ಶೇ. 3 ಆಗುವುದು ಇದೇ ದಾರಿಯಲ್ಲಿ. ಹೊಸ ಷೇರು ಕೊಳ್ಳುವಿರಾ ಎಂಬ ಪತ್ರ ಬಂದರೆ ಸಿಟ್ಟಿನಿಂದ ಮೂಲೆಗೆ ಹಾಕಬೇಡಿ. ಗಡುವಿನೊಳಗೆ ಉತ್ತರಿಸದಿದ್ದರೆ ಬೇಡವೆಂದಿರಿ ಎಂದೇ ಎಣಿಸುತ್ತಾರೆ.

ದಬ್ಬಾಳಿಕೆ, ದುರಾಡಳಿತದ ವಿರುದ್ಧ ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಹೋಗಲು ಶೇ. 10 ಷೇರು ಸಾಕು, ನಿಮ್ಮಲ್ಲಿ 12 ಇದೆ. ಸದಸ್ಯರ ಸಂಖ್ಯೆಯ ಹತ್ತನೇ ಒಂದು ಭಾಗ ಎಂಬ ಇನ್ನೊಂದು ಅಳತೆಯೂ ಇದೆ. ನಾಲ್ವರಲ್ಲಿ ಒಬ್ಬರಾದ ನೀವು ಅದನ್ನೂ ದಾಟುತ್ತೀರಿ. ಅಂದರೆ ಷೇರು ಪಾಲನ್ನು ಕುಗ್ಗಿಸಿದರೂ ನಿಮ್ಮ ಬಾಗಿಲು ಮುಚ್ಚುವುದಿಲ್ಲ. ನ್ಯಾಯಮಂಡಳಿ ನಿಮ್ಮ ಷೇರನ್ನು ನ್ಯಾಯಬೆಲೆಗೆ ಕೊಳ್ಳುವಂತೆ ಆದೇಶಿಸಬಲ್ಲದು, ಕುಟುಂಬದ ಪ್ರಕರಣಗಳಲ್ಲಿ ಅದೇ ಹೆಚ್ಚು ಉಪಯೋಗದ ಪರಿಹಾರ. ಆದರೆ ನನ್ನನ್ನು ನಿರ್ದೇಶಕಿ ಮಾಡಲಿಲ್ಲ, ತೆಗೆದುಹಾಕಿದರು ಎಂಬ ದೂರಿನ ಮೇಲಷ್ಟೇ ನಿಲ್ಲಬೇಡಿ. ಟಾಟಾ ಸನ್ಸ್ ಅಧ್ಯಕ್ಷ ಸ್ಥಾನದಿಂದ ಸೈರಸ್ ಮಿಸ್ತ್ರಿ ಅವರನ್ನು ತೆಗೆದ ಪ್ರಕರಣದಲ್ಲಿ 2021ರ ಮಾರ್ಚ್ 26ರಂದು ಸುಪ್ರೀಂ ಕೋರ್ಟ್ ಪದಚ್ಯುತಿಯೊಂದೇ ದಬ್ಬಾಳಿಕೆಯಾಗದು ಎಂದಿದೆ. ಹಣ ಎಲ್ಲಿ ಹೋಯಿತು ಎಂಬುದಕ್ಕೆ ಕಾಗದ ಕೂಡಿಸಿ.

ಪ್ರಶ್ನೆ: ಈ ತಿಂಗಳು ಹಣದ ಬಿಕ್ಕಟ್ಟು. ಪಿಎಫ್, ಟಿಡಿಎಸ್ ಮುಂದೂಡಿ ಸರಬರಾಜುದಾರರಿಗೆ ಕೊಡೋಣವೇ?
– ಗಾರ್ಮೆಂಟ್ಸ್ ಘಟಕ, ದೊಡ್ಡಬಳ್ಳಾಪುರ

ಉತ್ತರ: ಬೇಡ. ಸಂಬಳದಿಂದ ಹಿಡಿದ ಪಿಎಫ್ ಪಾಲು ಹೊಲಿಗೆ ಯಂತ್ರದ ಮುಂದೆ ಕೂತವರ ದುಡ್ಡು. ಹಿಡಿದು ಕಟ್ಟದಿರುವುದನ್ನು ಕಾನೂನು ನಂಬಿಕೆದ್ರೋಹದ ಅಪರಾಧವಾಗಿ ನೋಡುತ್ತದೆ, ಬರೀ ಬಾಕಿಯಾಗಿ ಅಲ್ಲ. ಮುಂದಿನ ತಿಂಗಳ 15ರ ಗಡುವು ದಾಟಿದರೆ ಆ ಮೊತ್ತವನ್ನು ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವ ಅವಕಾಶ ಶಾಶ್ವತವಾಗಿ ಹೋಗುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ, ಆಗಿನ ಆದಾಯ ತೆರಿಗೆ ಕಾಯ್ದೆಯಡಿ, ಹೇಳಿತ್ತು. ಟಿಡಿಎಸ್‌ಗೆ (ಪಾವತಿಯಲ್ಲೇ ಹಿಡಿದುಕೊಂಡ ತೆರಿಗೆ) ಸಾಮಾನ್ಯವಾಗಿ ಮುಂದಿನ ತಿಂಗಳ 7 ಗಡುವು. ಪ್ರೈವೇಟ್ ಕಂಪನಿಯಿಂದ ಆದಾಯ ತೆರಿಗೆ, ಜಿಎಸ್‌ಟಿ ವಸೂಲಾಗದಿದ್ದರೆ ಅದು ನಿರ್ದೇಶಕರ ಸ್ವಂತ ಆಸ್ತಿಗೆ ಬರುತ್ತದೆ. ತಮ್ಮ ನಿರ್ಲಕ್ಷ್ಯ ಕಾರಣವಲ್ಲವೆಂದು ಅವರೇ ಸಾಬೀತುಪಡಿಸಬೇಕು.

ಸರಬರಾಜುದಾರರಲ್ಲಿ ಉದ್ಯಮ ನೋಂದಣಿಯಿರುವ ಅತಿಸಣ್ಣ, ಸಣ್ಣ ಘಟಕಗಳಿಗೆ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಉಳಿದ ದೊಡ್ಡ ಸರಬರಾಜುದಾರರಿಗೆ ಇಂದೇ ಫೋನ್ ಮಾಡಿ ಸಮಯ ಕೇಳಿ, ಹೊಸ ತಾರೀಕನ್ನು ಇಮೇಲ್‌ನಲ್ಲಿ ಖಚಿತಪಡಿಸಿ. ಮುಂದಿನ ದಿನಾಂಕ ಹಾಕಿದ ಚೆಕ್ಕನ್ನಂತೂ ಕೊಡಲೇಬೇಡಿ.